ಮುನಿಸಿಪಾಲಿಟಿಯ ಹೊಣೆಯೂ ಹೊಣೆಯ ವಿಮೆಯೂ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಕೆಲವರು ಮುನಿಸಿಪಾಲಿಟಿಯ ಕೆಲಸದಲ್ಲಿದ್ದೇವೆ. ಅದರ ಬೀದಿಗಳಲ್ಲಿ ನಡೆದಾಡುವವರಂತೂ ನಾವೆಲ್ಲರೂ ಹೌದು. ಆದುದರಿಂದ ಬೀದಿಯಲ್ಲಿ ಅಪಘಾತವಾದರೆ ಪರಿಹಾರ ಯಾರು ಕೊಡಬೇಕು, ತಪ್ಪು ಯಾರ ತಲೆಗೆ ಬರುತ್ತದೆ ಎಂಬುದು ನಮ್ಮೆಲ್ಲರಿಗೂ ಸಂಬಂಧಿಸಿದ ಮಾತು.

೧೯೫೧ರಲ್ಲಿ ದಿಲ್ಲಿಯ ಚಾಂದನಿ ಚೌಕದಲ್ಲಿ ಟೌನ್ ಹಾಲಿನ ಎದುರಿಗಿದ್ದ ಗಡಿಯಾರದ ಗೋಪುರ ಕುಸಿದು ಜನ ಸತ್ತರು. ಗೋಪುರ ಮುನಿಸಿಪಾಲಿಟಿಯದು. ಸತ್ತವರ ಮನೆಯವರು ದಾವೆ ಹೂಡಿದರು. ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ ೧೯೬೬ರಲ್ಲಿ ಮುಗಿಯಿತು. ಕಟ್ಟಡಕ್ಕೆ ೮೦ ವರ್ಷ. ಅದರ ಮೇಲಂತಸ್ತಿಗೆ ಬಳಸಿದ ಗಾರೆಯ ಬಾಳಿಕೆ ೪೦-೪೫ ವರ್ಷ. ತಜ್ಞರಿಂದ ಪರೀಕ್ಷೆ ಮಾಡಿಸಿದ್ದಕ್ಕೆ ಸಾಕ್ಷ್ಯವಿರಲಿಲ್ಲ. ಹಾದಿಯ ಬದಿಯ ಕಟ್ಟಡದ ಒಡೆಯನು ಕಾಣುವ ದೋಷಕ್ಕೂ ಕಾಣದ ದೋಷಕ್ಕೂ ಹೊಣೆಯೆಂದು ತೀರ್ಪಾಯಿತು. ಆದರೆ ಅಷ್ಟರಲ್ಲಿ ೧೫ ವರ್ಷ ಕಳೆದಿತ್ತು.

ಇಂಥ ಕಷ್ಟಕ್ಕೆ ಹೊಣೆಯ ವಿಮೆ ಒಂದು ಉಪಾಯ. ಜೀವವಿಮೆಯ ಹಣ ನಮ್ಮ ಮನೆಗೆ ಬರುತ್ತದೆ; ಇದರ ಹಣ ನಮ್ಮಿಂದ ನೊಂದವರಿಗೆ ಹೋಗುತ್ತದೆ. ಸಂಸ್ಥೆ ವರ್ಷವರ್ಷ ಕಂತು ಕಟ್ಟಿದರೆ, ದಾವೆ ಬಂದಾಗ ಕಂಪನಿ ಗೊತ್ತುಮಾಡಿದ ಮಿತಿಯವರೆಗೆ ಪರಿಹಾರವನ್ನೂ ವಕೀಲರ ಖರ್ಚನ್ನೂ ಹೊರುತ್ತದೆ. ಬೇಕೆಂದೇ ಮಾಡಿದ ತಪ್ಪಿಗೆ ಅದು ಒದಗದು. ಅಪಘಾತದ ಸುದ್ದಿಯನ್ನು ತಡಮಾಡಿ ತಿಳಿಸಿದರೆ ಕಂಪನಿ ತಕರಾರು ತೆಗೆಯುವುದೂ ಉಂಟು.

ಈಗ ನಮ್ಮ ಊರಿಗೆ ಬರೋಣ. ರಸ್ತೆಯ ಗುಂಡಿಯಿಂದಾಗಲಿ ತೆರೆದ ಮ್ಯಾನ್‌ಹೋಲಿನಿಂದಾಗಲಿ ಸತ್ತವರ ಮನೆಗೆ ೬ ಲಕ್ಷ ರೂಪಾಯಿ, ಗಾಯಗೊಂಡವರಿಗೆ ೫೦ ಸಾವಿರದಿಂದ ೨.೫ ಲಕ್ಷ ಕೊಡಬೇಕೆಂದು ೨೦೨೫ರ ಅಕ್ಟೋಬರಿನಲ್ಲಿ ಮುಂಬಯಿ ಹೈಕೋರ್ಟು ಆಜ್ಞೆ ಮಾಡಿತು. ಹಣವನ್ನು ಮೊದಲು ಸಂಸ್ಥೆ ಕೊಟ್ಟು, ಆಮೇಲೆ ತಪ್ಪಿತಸ್ಥ ಅಧಿಕಾರಿ, ಇಂಜಿನಿಯರ್, ಕಾಂಟ್ರಾಕ್ಟರರಿಂದ ವಸೂಲು ಮಾಡಬೇಕು.

ಇದು ನ್ಯಾಯವೇ ಸರಿ. ಹೇಳಿದರೂ ಕೇಳದೆ ಕುಳಿತವನಿಗೆ ವಿಮೆ ಆಸರೆಯಾಗಬಾರದು. ನಮ್ಮ ಭಯ ಬೇರೆ. ಮೇಲಿನವರ ತಪ್ಪು ಮೆಟ್ಟಿಲಿಳಿಯುತ್ತ ಬಂದು ಕಡೆಯ ಮೆಟ್ಟಿಲಿನವನ ತಲೆಯ ಮೇಲೆ ಕೂರುತ್ತದೆ. ಮುಚ್ಚಳ ಒಡೆದಿದೆ ಎಂದು ಬೆಳಿಗ್ಗೆ ಬಾಯಲ್ಲಿ ಹೇಳಿದ ಮುಕಾದಮನಿಗೆ ಸಂಜೆ ಸಾಕ್ಷಿ ಯಾರು?

ಕಾಂಟ್ರಾಕ್ಟಿನ ಕೂಲಿಯವನ ಪಾಡು ಇನ್ನೂ ಕಷ್ಟ. ಅವನು ಕೆಲಸದಲ್ಲಿ ಸತ್ತರೆ ಕೆಲಸ ಕೊಟ್ಟ ಮೂಲ ಮಾಲೀಕನೂ ಹೊಣೆಯೆಂದು ೧೯೨೩ರ ಪರಿಹಾರ ಕಾಯ್ದೆಯೇ ಹೇಳಿತ್ತು. ಮಲಗುಂಡಿ, ಚರಂಡಿಗಳಿಗಿಳಿದು ಸತ್ತವನ ಮನೆಗೆ ೩೦ ಲಕ್ಷ ಸಲ್ಲಬೇಕೆಂದು ೨೦೨೩ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೂ 'ಅವನು ನಮ್ಮವನಲ್ಲ' ಎಂಬ ಮಾತನ್ನು ನಾವು ಕೇಳುತ್ತಲೇ ಇದ್ದೇವೆ.

ಆದುದರಿಂದ ನಮ್ಮ ಬೇಡಿಕೆ ಎರಡು. ಮುನಿಸಿಪಾಲಿಟಿ ಹೊಣೆಯ ವಿಮೆ ಇಳಿಸುವಾಗ, ಕೆಲಸದಲ್ಲಿ ಕೈತಪ್ಪಿ ಆದ ನಷ್ಟಕ್ಕೆ ನೌಕರನಿಗೂ ರಕ್ಷಣೆ ಇರಬೇಕು; ಕಾಂಟ್ರಾಕ್ಟಿನವರನ್ನು ಹೊರಗಿಡಬಾರದು. ಎರಡನೆಯದಾಗಿ, ಕೆಲಸಗಾರನು ಕೊಟ್ಟ ಎಚ್ಚರಿಕೆಗೆ ಪ್ರತಿ ಚೌಕಿಯಲ್ಲೂ ರಸೀದಿ ಕೊಡಬೇಕು.

ಅದು ಬರುವವರೆಗೆ ನಾವು ಮಾಡಬಹುದಾದದ್ದೂ ಉಂಟು. ಒಡೆದ ಮುಚ್ಚಳ, ಬಿರುಕುಬಿಟ್ಟ ಗೋಡೆ ಕಂಡರೆ ದಿನ, ವೇಳೆ, ಸ್ಥಳ ಬರೆದು ಕೊಡೋಣ. ಪ್ರತಿಯೊಂದನ್ನು ನಮ್ಮಲ್ಲಿ ಇಟ್ಟುಕೊಳ್ಳೋಣ. ಬರೆಯಲು ಬಾರದವರು ಸಂಘದ ಕಚೇರಿಗೆ ಬರಲಿ, ನಾವು ಬರೆದುಕೊಡುತ್ತೇವೆ.