ಜೋಡಿ ಔಷಧಗಳ ಪರೀಕ್ಷೆಯೂ ನಮ್ಮ ಕರ್ತವ್ಯವೂ



ವಿದ್ಯೆಗಾಗಿ ಇಟ್ಟ ದತ್ತಿಯ ಆಶ್ರಯದಲ್ಲಿ ಮಾತನಾಡುವವನು ಕೇಳುವವರ ಬಾಳಿಗೆ ಒದಗತಕ್ಕ ವಿಷಯವನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ನಂಬಿಕೆ. ಆದುದರಿಂದ ಉದರದ ಹಾಗೂ ಮೂತ್ರಮಾರ್ಗದ ಜಟಿಲ ಸೋಂಕುಗಳಿಗೆ ಕೊಡುವ ಜೋಡಿ ಆಂಟಿಬಯೋಟಿಕ್‌ಗಳನ್ನು ವೈದ್ಯಲೋಕವು ಹೇಗೆ ಪರೀಕ್ಷಿಸುತ್ತದೆ, ಆ ಪರೀಕ್ಷೆಯ ಫಲವನ್ನು ಉಳಿಸಿಕೊಳ್ಳುವ ಹೊಣೆ ನಮ್ಮ ಮೇಲೆ ಎಷ್ಟಿದೆ ಎಂಬುದನ್ನು ಇಂದು ನಿವೇದಿಸುತ್ತೇನೆ.

ಬಿರುಬಿಸಿಲಿನಲ್ಲಿ ಶೇಂಗಾ, ಮೆಕ್ಕೆಜೋಳಗಳ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು ಮರೆಯಾದ ಜಾಗವಿಲ್ಲದೆ ಮೂತ್ರವನ್ನು ತಡೆದುಕೊಂಡು, ಅದೇ ಕಾರಣಕ್ಕೆ ನೀರನ್ನೂ ಕಡಿಮೆ ಕುಡಿದು, ಉರಿಮೂತ್ರಕ್ಕೆ ಗುರಿಯಾಗುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಮ್ಮ ಸೀಮೆಗೆ ಹೊಸ ಸಂಗತಿಯಲ್ಲ. ಮೂತ್ರಕೋಶದಲ್ಲಿಯೇ ನಿಂತ ಸೋಂಕು ಸರಳವಾದುದು. ಕಲ್ಲು ಅಡ್ಡವಾಗಿಯೋ, ನಳಿಕೆ ಹಾಕಿದುದರಿಂದಲೋ ಅದು ಮೂತ್ರಪಿಂಡಕ್ಕೇರಿ ಚಳಿಜ್ವರ ತಂದಾಗ ಜಟಿಲವೆನಿಸುತ್ತದೆ. ಅಪೆಂಡಿಕ್ಸು ಒಡೆದು ಕೀವು ಹೊಟ್ಟೆಯೊಳಗೆ ಹರಡಿದರೆ ಅದು ಉದರದ ಜಟಿಲ ಸೋಂಕು. ಎರಡರಲ್ಲಿಯೂ ಬಹುಮಟ್ಟಿಗೆ ಕಾಣಸಿಗುವುವು ಇ. ಕೋಲೈ, ಕ್ಲೆಬ್ಸಿಯೆಲ್ಲಾ ಮುಂತಾಗಿ ನಮ್ಮ ಕರುಳಿನಲ್ಲಿಯೇ ವಾಸಿಸುವ ಜೀವಾಣುಗಳು.

ಪೆನಿಸಿಲಿನ್ ಕುಲದ ಔಷಧಗಳ ಪ್ರಾಣವಾದ ಬೀಟಾ-ಲ್ಯಾಕ್ಟಮ್ ಉಂಗುರವನ್ನು ಕತ್ತರಿಸುವ ಕಿಣ್ವಗಳನ್ನು ಈ ಜೀವಾಣುಗಳು ಸಂಪಾದಿಸಿಕೊಂಡಿರುವುದೇ ಇಂದಿನ ಸಂಕಟದ ಮೂಲ. ಬಿತ್ತುವ ಮುನ್ನ ಶೇಂಗಾ ಬೀಜಕ್ಕೆ ಔಷಧಿ ಲೇಪಿಸಿ, ಮೊಳೆಯುವವರೆಗೆ ಅದನ್ನು ಹುಳುವಿನಿಂದ ಕಾಯುವಂತೆ, ಕಿಣ್ವವನ್ನು ತಡೆಯುವ ಇನ್ನೊಂದು ದ್ರವ್ಯವನ್ನು ಜೊತೆಗೂಡಿಸಿ ಮೂಲೌಷಧವನ್ನು ಕಾಯುವುದೇ ಜೋಡಿ ಔಷಧದ ತತ್ತ್ವ. 1981ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದ ಅಮಾಕ್ಸಿಸಿಲಿನ್–ಕ್ಲಾವುಲಾನಿಕ್ ಆಮ್ಲದ ಜೋಡಿ ಈ ಮಾರ್ಗವನ್ನು ತೆರೆಯಿತು.

ಈ ತತ್ತ್ವವನ್ನು ಕಣ್ಣಾರೆ ಕಾಣಬಹುದು. ರೋಗಿಯ ಮೂತ್ರದಿಂದ ಬೆಳೆಸಿದ ಜೀವಾಣುಗಳನ್ನು ಅಗರ್ ತಟ್ಟೆಯ ಮೇಲೆ ಹರಡಿ, ಸೆಫ್ಟಾಜಿಡೈಮ್ ಎಂಬ ಆಂಟಿಬಯೋಟಿಕ್ ಸವರಿದ ಒಂದು ಬಿಲ್ಲೆಯನ್ನೂ, ಅದೇ ಔಷಧಕ್ಕೆ ಕ್ಲಾವುಲಾನಿಕ್ ಆಮ್ಲ ಬೆರೆಸಿದ ಇನ್ನೊಂದು ಬಿಲ್ಲೆಯನ್ನೂ ಇಟ್ಟು, ರಾತ್ರಿಯೆಲ್ಲಾ ಬೆಚ್ಚನೆಯ ಪೆಟ್ಟಿಗೆಯಲ್ಲಿರಿಸಿದರೆ, ಬೆಳಗಾಗುವಷ್ಟರಲ್ಲಿ ಬಿಲ್ಲೆಗಳ ಸುತ್ತ ಜೀವಾಣು ಬೆಳೆಯದ ತಿಳಿಯಾದ ವೃತ್ತಗಳು ಮೂಡಿರುತ್ತವೆ. ಎರಡನೆಯ ವೃತ್ತದ ವ್ಯಾಸವು ಮೊದಲನೆಯದಕ್ಕಿಂತ 5 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚಾಗಿದ್ದರೆ, ಇಎಸ್‌ಬಿಎಲ್ ಎಂಬ ಕಿಣ್ವವರ್ಗವು ಅಲ್ಲಿದೆಯೆಂದು ನಿರ್ಣಯ.

ಆದರೆ ತಟ್ಟೆಯ ಮೇಲೆ ಗೆದ್ದ ಔಷಧವು ಮನುಷ್ಯದೇಹದಲ್ಲಿಯೂ ಗೆಲ್ಲುವುದೆಂಬ ಭರವಸೆಯಿಲ್ಲ. ಪ್ರಾಣಾಪಾಯದಲ್ಲಿರುವವನಿಗೆ ಬರಿಯ ನೀರನ್ನು ಕೊಟ್ಟು ಹೋಲಿಸುವುದು ಧರ್ಮವಲ್ಲವಾದುದರಿಂದ, ಒಪ್ಪಿಗೆಯಿತ್ತ ರೋಗಿಗಳನ್ನು ಯಾದೃಚ್ಛಿಕವಾಗಿ ವಿಂಗಡಿಸಿ, ಕೆಲವರಿಗೆ ಹೊಸದನ್ನೂ ಕೆಲವರಿಗೆ ಪ್ರಸಿದ್ಧವಾದ ಹಳೆಯದನ್ನೂ ಕೊಟ್ಟು, ಹೊಸದು ಹಳೆಯದಕ್ಕಿಂತ ಮೊದಲೇ ಗೊತ್ತುಮಾಡಿದ ಮಿತಿಯನ್ನು ಮೀರಿ ಹೀನವಲ್ಲವೆಂದು ತೋರಿಸಬೇಕಾಗುತ್ತದೆ.

ನೆರೆಯ ಚೆನ್ನೈನ ಆರ್ಕಿಡ್ ಸಂಸ್ಥೆಯಲ್ಲಿ ಶೋಧಿಸಲ್ಪಟ್ಟ ಎನ್‌ಮೆಟಾಜೊಬ್ಯಾಕ್ಟಮ್ ಎಂಬ ಕಿಣ್ವರೋಧಕವು ಸೆಫೆಪೈಮ್ ಎಂಬ ಆಂಟಿಬಯೋಟಿಕ್ ಜೊತೆಗೂಡಿ ಇಂಥ ಪರೀಕ್ಷೆಗೆ ಒಳಗಾಯಿತು. 2022ರಲ್ಲಿ ಪ್ರಕಟವಾದ ಅದರ ವರದಿಯಂತೆ, ಜಟಿಲ ಮೂತ್ರಸೋಂಕಿನ 1,041 ರೋಗಿಗಳನ್ನು ವಿಂಗಡಿಸಲಾಗಿತ್ತು. ಜ್ವರ, ನೋವುಗಳು ಇಳಿದರೆ ಸಾಲದು, ಮೂತ್ರದಿಂದಲೂ ಜೀವಾಣು ತೊಲಗಿರಬೇಕೆಂಬ ಕಠಿಣವಾದ ಅಳತೆಗೋಲಿನಲ್ಲಿ ಹೊಸ ಜೋಡಿಯು 79.1 ಪ್ರತಿಶತ, ಹೋಲಿಕೆಗೆ ಇಟ್ಟ ಹಳೆಯ ಜೋಡಿಯಾದ ಪಿಪೆರಾಸಿಲಿನ್–ಟಾಜೊಬ್ಯಾಕ್ಟಮ್ 58.9 ಪ್ರತಿಶತ ಜನರಲ್ಲಿ ಸಫಲವಾದುವು. 2024ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಹೊಸ ಜೋಡಿಯನ್ನು ಅಂಗೀಕರಿಸಿತು.

ಉದರದ ಸೋಂಕಿನ ಪರೀಕ್ಷೆ ಇನ್ನೂ ತೊಡಕಿನದು. ಅಲ್ಲಿ ಗಾಳಿಯಿಲ್ಲದೆ ಬದುಕುವ ಜೀವಾಣುಗಳೂ ಸೇರಿರುವುದರಿಂದ, ಸೆಫ್ಟಾಜಿಡೈಮ್–ಅವಿಬ್ಯಾಕ್ಟಮ್ ಜೋಡಿಯನ್ನು ಅವುಗಳನ್ನು ಕೊಲ್ಲುವ ಮೆಟ್ರೊನಿಡಜೋಲ್‌ನೊಡನೆ ಕೊಟ್ಟು ಹಳೆಯ ಔಷಧವಾದ ಮೆರೊಪೆನೆಮ್‌ಗೆ ಹೋಲಿಸಿದರು. ಶಸ್ತ್ರಚಿಕಿತ್ಸಕನು ಕೀವನ್ನು ಹೊರಹಾಕಿ ತೂತನ್ನು ಮುಚ್ಚದಿದ್ದರೆ ಯಾವ ಔಷಧವೂ ಗೆಲ್ಲಲಾರದು. ಆ ಕೆಲಸ ಸಮರ್ಪಕವಾಗಿ ನಡೆದ ಮೇಲೆ ಸುಮಾರು 4 ದಿನಗಳ ಚಿಕಿತ್ಸೆಯು ಸುಮಾರು 8 ದಿನಗಳದ್ದಕ್ಕೆ ಸಮನಾದ ಫಲವನ್ನೇ ಕೊಡುವುದೆಂದು 2015ರಲ್ಲಿ ಪ್ರಕಟವಾದ ಅಮೆರಿಕ, ಕೆನಡಾಗಳ ಅಧ್ಯಯನವೊಂದು ತೋರಿಸಿಕೊಟ್ಟಿತು.

ಆದರೂ ಈ ಜೋಡಿಗಳು ಸರ್ವಶಕ್ತವಲ್ಲ. ನಮ್ಮ ದೇಶದ ರಾಜಧಾನಿಯ ಹೆಸರನ್ನು ಹೊತ್ತ ಎನ್‌ಡಿಎಂ ಎಂಬ ಕಿಣ್ವವನ್ನು ಅವಿಬ್ಯಾಕ್ಟಮ್ ಆಗಲಿ ಎನ್‌ಮೆಟಾಜೊಬ್ಯಾಕ್ಟಮ್ ಆಗಲಿ ತಡೆಯಲಾರದು. ಯಾವ ಕಿಣ್ವವಿದೆಯೆಂದು ಅರಿಯದೆ ದುಬಾರಿಯಾದ ಜೋಡಿಯನ್ನು ಹಾಕುವುದು ರೋಗಿಯ ಹಣವನ್ನೂ, ಅದಕ್ಕಿಂತ ಬೆಲೆಯುಳ್ಳ ಕಾಲವನ್ನೂ ಕಳೆಯುವುದಾಗಿದೆ.

ಆದಕಾರಣ ನನ್ನ ಬಿನ್ನಹ ಇಷ್ಟೆ. ಜಟಿಲ ಸೋಂಕೆಂಬ ಶಂಕೆಯಿದ್ದಲ್ಲಿ ಮೊದಲ ಚುಚ್ಚುಮದ್ದಿಗೆ ಮುನ್ನವೇ ಮೂತ್ರವನ್ನು, ಅಗತ್ಯವಿದ್ದರೆ ರಕ್ತವನ್ನೂ, ಕಲ್ಚರ್ ಪರೀಕ್ಷೆಗಾಗಿ ಸಂಗ್ರಹಿಸಬೇಕು. ಮೊದಲ ಧಾರೆಯನ್ನು ಬಿಟ್ಟು ನಡುವಣ ಧಾರೆಯನ್ನು ಶುದ್ಧವಾದ ಡಬ್ಬಿಯಲ್ಲಿ ಹಿಡಿದು, ಎರಡು ಗಂಟೆಯೊಳಗೆ ಪ್ರಯೋಗಶಾಲೆಗೆ ಮುಟ್ಟಿಸಬೇಕು, ಇಲ್ಲವೆ ಫ್ರಿಜ್ಜಿನಲ್ಲಿಡಬೇಕು. ರೋಗಿಯ ಸ್ಥಿತಿ ವಿಷಮವಾಗಿದ್ದರೆ ವರದಿಗಾಗಿ ಔಷಧವನ್ನು ತಡೆಯತಕ್ಕದ್ದಲ್ಲ; ವರದಿ ಬಂದ ಮೇಲೆ ಔಷಧವನ್ನು ಅದಕ್ಕೆ ತಕ್ಕಂತೆ ಬದಲಿಸಬೇಕು. ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ಎರಡು ಮಾತ್ರೆ ಕೊಂಡು ನುಂಗುವ ರೂಢಿಯನ್ನು ನಾವು ಬಿಡಬೇಕು. ಬಳ್ಳಾರಿಗೋ ದಾವಣಗೆರೆಗೋ ರೋಗಿಯನ್ನು ಕಳುಹಿಸುವಾಗ, ಕೊಟ್ಟ ಔಷಧದ ಹೆಸರು, ಪ್ರಮಾಣ, ವೇಳೆಗಳನ್ನು ಬರೆದ ಕಾಗದವನ್ನೂ ತಪ್ಪದೆ ಕಳುಹಿಸಬೇಕು.

ಯಾವ ಔಷಧ ತಮ್ಮ ಪಾಲಿಗೆ ಬರುವುದೆಂದು ಅರಿಯದಿದ್ದರೂ, ಮುಂದೆ ಬರುವ ಅಪರಿಚಿತರಿಗೆ ಹಿತವಾಗಲೆಂದು ಒಪ್ಪಿಗೆಯಿತ್ತ ಸಾವಿರಾರು ರೋಗಿಗಳ ಔದಾರ್ಯದಿಂದ ಈ ಜ್ಞಾನವು ಲಭಿಸಿದೆ. ಇದೂ ಒಂದು ದತ್ತಿಯೇ. ದತ್ತಿಯ ಮೂಲಧನವನ್ನು ಕರಗಿಸದೆ ಮುಂದಿನವರಿಗೆ ಒಪ್ಪಿಸುವುದು ಅದನ್ನು ಪಡೆದವರ ಧರ್ಮ. ಆ ಧರ್ಮವನ್ನು ಈ ಐದು ತಾಲ್ಲೂಕುಗಳ ವೈದ್ಯರೂ ಔಷಧ ವ್ಯಾಪಾರಿಗಳೂ ಗೃಹಸ್ಥರೂ ಕೂಡಿ ನಡೆಸಬೇಕೆಂದು ಪ್ರಾರ್ಥಿಸುತ್ತೇನೆ.