ಊಟಿಯ ಕಿಟಕಿ, ಮಸಿನಗುಡಿಯ ಕಿಟಕಿ

ಜನವರಿಯ ಬೆಳಗ್ಗೆ ಊಟಿಯ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿರುತ್ತದೆ. ಅಂಥ ಹೊತ್ತಿನಲ್ಲಿ ತರಗತಿಯ ಕಿಟಕಿ ತೆಗೆಯಿರಿ ಎಂದರೆ ಯಾರು ಕೇಳುತ್ತಾರೆ? ಎಲ್ಲವನ್ನೂ ಮುಚ್ಚಿ, ಸ್ವೆಟರ್ ತೋಳಿನೊಳಗೆ ಕೈ ಎಳೆದುಕೊಂಡು ಕೂರುವುದೇ ಹಿತ. ಸ್ವಲ್ಪ ಹೊತ್ತಿಗೆ ಕಿಟಕಿ ಗಾಜಿನ ಒಳಮೈ ಮಸುಕಾಗುತ್ತದೆ. ನಿಮ್ಮೆಲ್ಲರ ಉಸಿರಿನ ನೀರಾವಿ ತಣ್ಣನೆಯ ಗಾಜಿಗೆ ತಾಗಿ ಹನಿಯಾಗಿದೆ, ಅಷ್ಟೆ. ನೀರಾವಿಯೇನೋ ಕಣ್ಣಿಗೆ ಬಿತ್ತು. ಅದರ ಜೊತೆಗೇ ಹೊರಬಂದ ಕಾರ್ಬನ್ ಡೈಆಕ್ಸೈಡ್ ಕಾಣುವುದಿಲ್ಲ.

ಕಾಣದ್ದನ್ನು ಲೆಕ್ಕದಿಂದ ಹಿಡಿಯೋಣ. 8 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ 1,44,000 ಲೀಟರ್ ಗಾಳಿ ಇರುತ್ತದೆ. ಸುಮ್ಮನೆ ಕುಳಿತ ಮಗು ಗಂಟೆಗೆ ಸುಮಾರು 12 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. 40 ಮಕ್ಕಳಿದ್ದರೆ 480 ಲೀಟರ್. ಹೊರಗಿನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ ಸುಮಾರು 420 ಪಾಲು. ಕೋಣೆಯಲ್ಲಿ ಒಂದು ಸಂದೂ ಇಲ್ಲದಿದ್ದರೆ ಸುಮಾರು ಹತ್ತು ನಿಮಿಷದಲ್ಲೇ ಅದು 1,000ಕ್ಕೆ ಏರುತ್ತದೆ, ಒಂದು ಗಂಟೆಗೆ 3,700 ದಾಟುತ್ತದೆ! 1,000 ಮೀರಬಾರದು ಎಂದು ಜರ್ಮನಿಯ ಮ್ಯೂನಿಕ್ ನಗರದ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್ 1858ರಲ್ಲೇ ಹೇಳಿದ್ದರು.

ಹಾಗಾದರೆ ಅದು ವಿಷವೇ? ಅಷ್ಟು ಪ್ರಮಾಣದಲ್ಲಿ ಅಲ್ಲ. ಅದು ಗುಟ್ಟು ಬಿಟ್ಟುಕೊಡುವ ಸಾಕ್ಷಿ: ಒಂದು ಗಂಟೆಯ ಹೊತ್ತಿಗೆ ನೀವು ಎಳೆದುಕೊಳ್ಳುವ ಗಾಳಿಯ ಹನ್ನೆರಡರಲ್ಲಿ ಒಂದು ಪಾಲು ಆಗಲೇ ಯಾರದೋ ಶ್ವಾಸಕೋಶ ಹೊಕ್ಕು ಬಂದದ್ದು. ತೂಕಡಿಕೆ ಬರುತ್ತದೆ, ತಲೆ ಭಾರವಾಗುತ್ತದೆ, ಪಾಠ ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. (ಮೇಷ್ಟರು ಗದರುವ ಮೊದಲು ಕಿಟಕಿಯ ಕಡೆಗೊಮ್ಮೆ ನೋಡಲಿ!) ಫ್ಲೂ, ದಡಾರ, ಕ್ಷಯದ ರೋಗಾಣುಗಳೂ ಇದೇ ನಿಂತ ಗಾಳಿಯಲ್ಲಿ ತೇಲುತ್ತವೆ. ಮಳೆಗಾಲದ ಗೂಡಲೂರಿನಲ್ಲಿ ಇನ್ನೊಂದು ಕಾಟ: ತೇವ ಹೊರಹೋಗದೆ ಗೋಡೆಗೆ ಬೂಸಲು ಹಿಡಿದರೆ ಉಬ್ಬಸದ ಮಕ್ಕಳಿಗೆ ಕಷ್ಟ.

ಸರಿ, ಚಳಿಯಲ್ಲಿ ಏನು ಮಾಡುವುದು? ಇಲ್ಲಿ ಭೌತವಿಜ್ಞಾನ ಊಟಿಯ ಮಕ್ಕಳ ಪಕ್ಷದಲ್ಲಿದೆ. ಒಳಗಿನ ಬಿಸಿ ಗಾಳಿ ಹಗುರ, ಹೊರಗಿನ ತಣ್ಣನೆಯದು ಭಾರ. ಎರಡರ ನಡುವೆ ಉಷ್ಣಾಂಶದ ಅಂತರ ಹೆಚ್ಚಿದಷ್ಟೂ ಗಾಳಿಯ ಓಟ ಜೋರು. ಹಾಗಾಗಿ ಮೇಲೊಂದು ಗವಾಕ್ಷಿ, ಕೆಳಗೊಂದು ಕಿಟಕಿ ನಾಲ್ಕು ಬೆರಳು ತೆರೆದಿದ್ದರೂ ಬಹಳಷ್ಟು ಕೆಲಸವಾಗುತ್ತದೆ. ಬಿಡುವಿನ ವೇಳೆಯಲ್ಲಿ, ನೀವೆಲ್ಲ ಆಟಕ್ಕೆ ಓಡಿದಾಗ, ಎಲ್ಲವನ್ನೂ ಅಗಲವಾಗಿ ತೆರೆದುಬಿಡಿ. ಗಾಳಿ ಬದಲಾಗುತ್ತದೆ, ಗೋಡೆ ಮತ್ತು ಬೆಂಚುಗಳ ಬಿಸುಪು ಅಷ್ಟು ಬೇಗ ಆರುವುದಿಲ್ಲ.

ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನು ಇಳಿದು ಮಸಿನಗುಡಿಗೆ ಬಂದರೆ ಈ ಉಪಾಯ ಅಷ್ಟಾಗಿ ನಡೆಯದು. ಅಲ್ಲಿ ಬೇಸಿಗೆಯಲ್ಲಿ ಒಳಗೂ ಹೊರಗೂ ಹೆಚ್ಚುಕಡಿಮೆ ಒಂದೇ ಸೆಕೆ. ಗಾಳಿಯನ್ನು ತಳ್ಳುವ ಅಂತರವೇ ಇಲ್ಲ. ಎದುರುಬದುರು ಗೋಡೆಗಳ ಕಿಟಕಿಗಳನ್ನು ಪೂರ್ತಿ ತೆರೆಯಬೇಕು. ಒಂದೇ ಬದಿಯದು ಸಾಲದು.

ಇನ್ನೊಂದು ಮಾತು, ಇದು ಮನೆಗೆ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ದೊಡ್ಡವರು ಇಡಲು ಹೊರಟರೆ, ಅವರು ದೊಡ್ಡವರೆಂದು ಸುಮ್ಮನಿರದೆ ತಡೆಯಿರಿ.