ಹುಡೇವಿನ ಏಣಿ

ಗುಡೇಕೋಟೆ, ಜರಿಮಲೆ, ಹರಪನಹಳ್ಳಿಯ ಪಾಳೆಯಗಾರರ ಕಥೆ ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ, ಕಂಪನಿಯ ಕಲೆಕ್ಟರ್ ಮನ್ರೋ ಸಾಹೇಬ ಬಂದು ಪಾಳೆಯಗಾರರ ಕೈ ಕಟ್ಟಿದ. ಇತಿಹಾಸ ಅಷ್ಟು ಸಾಕು. ನನ್ನ ಮಾತೆಲ್ಲ ಊರೊಳಗಿನ ಹುಡೇವಿನ ಬಗ್ಗೆ.

ಅದು ಪಾಳೆಯಗಾರನ ಕಾವಲು ಠಾಣೆ ಎಂದು ನಮ್ಮ ಮೇಷ್ಟ್ರು ಪಾಠ ಮಾಡಿದರು. ನಾನು ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ. ಪಾಳೆಯಗಾರ ಹೆಚ್ಚಾಗಿ ಕೋಟೆ ಕಟ್ಟಿದ್ದು ಗುಡ್ಡದ ಮೇಲೆ. ಹುಡೇವು ನಿಂತಿರುವುದು ಮನೆಗಳ ನಡುವೆ. ಕಲ್ಲು ಮಣ್ಣಿನ ದುಂಡು ಗೋಪುರ, ಎಷ್ಟೋ ಕಡೆ ನೆಲಮಟ್ಟದಲ್ಲಿ ಬಾಗಿಲೇ ಇಲ್ಲ. ಏಣಿ ಹಾಕಿ ಹತ್ತಬೇಕು, ಹತ್ತಿದ ಮೇಲೆ ಏಣಿ ಎಳೆದುಕೊಳ್ಳಬೇಕು. ಊರನ್ನು ಆಳಲು ಬಂದವನ ಠಾಣೆ ಹೀಗಿರುತ್ತದೆಯೇ? ಇದು ಸುಲಿಗೆಯಿಂದ ತಪ್ಪಿಸಿಕೊಳ್ಳಲು ಊರು ಕಟ್ಟಿಕೊಂಡದ್ದು. ಕುದುರೆ ಏರಿ ಸುಲಿಯಲು ಬಂದವರು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂರುವವರಲ್ಲ. ಅರ್ಧ ದಿನ ತಡೆದರೆ ಊರು ಉಳಿಯಿತು.

ಊರ ಸುತ್ತಲ ಮಣ್ಣಿನ ಗೋಡೆ ಈಗ ಬರೀ ದಿಬ್ಬ. ಹಾಳು ಮಣ್ಣು ಹೊಲಕ್ಕೆ ಒಳ್ಳೆಯದೆಂದು ಬಂಡಿಗಟ್ಟಲೆ ಹೇರಿಕೊಂಡು ಹೋದರು. ಅದಕ್ಕೆ ನಾನು ರೈತರನ್ನು ದೂರುವುದಿಲ್ಲ. ನಿಧಿ ಅಂತ ಹುಡೇವಿನ ಬುಡ ಅಗೆದವರ ಮೇಲೆ ಮಾತ್ರ ಸಿಟ್ಟಿದೆ. ಗೋಡೆ ಹೋದರೂ ಊರಬಾಗಿಲಿದ್ದ ಜಾಗಕ್ಕೆ ಅಗಸಿ ಎಂಬ ಹೆಸರು ಉಳಿದಿದೆ.

ಅಗೆಯುವವರಿಗೆ ಸಿಗುವುದು ಹೊನ್ನಲ್ಲ, ಹಗೇವು. ನೆಲದೊಳಗೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದ ಗುಂಡಿ. ತೆಗೆದ ಕೂಡಲೇ ಇಳಿಯಬಾರದು, ಕೆಟ್ಟ ಗಾಳಿಗೆ ಜೀವ ಹೋಗುತ್ತದೆ. ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಬರದ ಸೀಮೆಯಲ್ಲಿ ಇದೇ ನಿಧಿ. ಹುಡೇವು ಕಾದದ್ದು ಹಗೇವನ್ನು ಎಂಬುದು ನನ್ನ ವಾದ. ಎರಡೂ ಒಂದೇ ಉಸಿರಿನಲ್ಲಿ ಹೇಳಬೇಕಾದ ಪದಗಳು.

ಇದನ್ನು ಮೇಷ್ಟ್ರ ಮುಂದೆ ಹೇಳಿದಾಗ ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತ, "ಹಗೇವು ಯಾರದಪ್ಪಾ?" ಅಂದರು. ಆಗ ನನ್ನ ಬಳಿ ಉತ್ತರವಿರಲಿಲ್ಲ. ದೊಡ್ಡ ಹಗೇವು ಗೌಡರ ವಾಡೆಯದು, ಶಾನುಭೋಗರದು. ಊರೇ ಸೇರಿ ಹುಡೇವು ಕಟ್ಟಿತು ಎನ್ನುತ್ತೇನೆ ನಾನು. ಮಣ್ಣು ತುಳಿದವರು ಯಾರು, ಕಲ್ಲು ಹೊತ್ತವರು ಯಾರು? ಅವರ ಕೇರಿ ಅಗಸಿಯ ಆಚೆಗಿತ್ತಲ್ಲ? ದೂರದಲ್ಲಿ ಧೂಳು ಎದ್ದ ದಿನ ಅವರು ಮಕ್ಕಳನ್ನು ಕಟ್ಟಿಕೊಂಡು ಓಡಿ ಬಂದಿದ್ದರೆ ಏಣಿ ಇಳಿಯುತ್ತಿತ್ತೇ?